ಅಲ್ಪವಿರಾಮ

ಊರಿನ ಹೆಸರನ್ನು ನಾನು ಬ್ಯಾರೆ ಎಂದು ಓದಿದೆ.
ಬ್ಯಾರಿ, ಎಂದು ತಿದ್ದಿದಳು ಕೊರಿನ್ ವೆಲೆಟ್,
ಕೀಲಿಗೊಂಚಲು ಕುಲುಕುತ್ತ, ನೆಲಮಾಳಿಗೆಗೆ ಇಳಿಯುತ್ತ.
ಇರಲಿ. ನನ್ನ ಧಾರವಾಡದ ಕಿವಿಗೆ
ವರ್ಮಾಂಟಿನ ಈ ಊರು ಇಂದಿಗೂ ಬ್ಯಾರೆಯೇ.

ಇಟಲಿಯಿಂದ ಕಲ್ಲು ಕಡೆಯಲು ಬಂದವರ ಬ್ಯಾಂಡೊಂದು ಇತ್ತಂತೆ ಇಲ್ಲಿ.
ಉಳಿದದ್ದು ನಲವತ್ತೊಂದು ಪೆಟ್ಟಿಗೆ ಸ್ವರಲಿಪಿ:
ಮೆರವಣಿಗೆಗೆ, ಮದುವೆಗೆ, ಮುಷ್ಕರಕ್ಕೆ,
ಎಲ್ಲಕ್ಕಿಂತ ಭಾರದ್ದು ಶವಯಾತ್ರೆಗೆ.
ಪಟ್ಟಿ ಮಾಡುವುದು ನನ್ನ ಕೆಲಸ. ಪೆನ್ನು ಒಳಗೆ ತರುವಂತಿಲ್ಲ.
ಹಾಳೆ ತಿರುವಿದರೆ ಬೆರಳಿಗೆ ಬೂದುಬಣ್ಣದ ಹುಡಿ.
ಆರನೆಯ ಪೆಟ್ಟಿಗೆ ಮುಗಿಯುವ ಹೊತ್ತಿಗೆ ಗೊತ್ತಾಯಿತು
ಅದು ಕಾಗದದ ಧೂಳಲ್ಲ.

ಶೆಡ್ಡಿನಿಂದ ಸೀದಾ ತಾಲೀಮಿಗೆ ಬರುತ್ತಿದ್ದರು, ಎಂದಳು ಕೊರಿನ್,
ತೋಳು ಜಾಡಿಸುವಷ್ಟೂ ಪುರುಸೊತ್ತಿಲ್ಲದೆ.

ಎರ್ಮೆತೆ ವನ್ನೂಚಿ, ಮೊದಲ ಕ್ಲಾರಿನೆಟ್.
ಅಂಚಿನಲ್ಲಿ ಹೆಸರು, ಇಸವಿ, ಒಂದು ಕಡೆ ಬಾತುಕೋಳಿಯ ಚಿತ್ರ.
ಒಂದೇ ಶೋಕದ ನಡೆಯನ್ನು ಮೂರು ಸಲ ನಕಲು ಮಾಡಿಕೊಂಡಿದ್ದಾನೆ.
ಹನ್ನೆರಡನೆಯ ಇಸವಿಯದರಲ್ಲಿ ಎಂಟು ಆವರ್ತಕ್ಕೊಂದು ಉಸಿರಿನ ಗುರುತು,
ಸಾಲಿನ ಮೇಲೆ, ಪೆನ್ಸಿಲಿನಲ್ಲಿ, ಥೇಟ್ ನಮ್ಮ ಅಲ್ಪವಿರಾಮ.
ಹತ್ತೊಂಬತ್ತರಲ್ಲಿ ನಾಲ್ಕಕ್ಕೊಂದು.
ಇಪ್ಪತ್ತಾರರಲ್ಲಿ ಹೆಚ್ಚೂಕಡಿಮೆ ಪ್ರತಿ ಸ್ವರಕ್ಕೂ,
ಮೆಟ್ಟಿಲು ಹತ್ತುವವನು
ಕಂಬಿ ಹಿಡಿದು, ನಿಂತು, ಹಿಡಿದು, ನಿಂತಂತೆ.

ವೈದ್ಯರ ಚೀಟಿ ಈ ಪೆಟ್ಟಿಗೆಯಲ್ಲಿಲ್ಲ. ಬೇಕಾಗಿಯೂ ಇಲ್ಲ.
ಷರಾ ಎಂಬ ಅಂಕಣದಲ್ಲಿ ಏನು ಬರೆಯಲಿ?
‘ಪೆನ್ಸಿಲ್ ಗುರುತುಗಳಿವೆ’ ಎಂದು ಬರೆದೆ.

ಅದೇ ಕೊನೆಯ ನಕಲಿನಲ್ಲಿ, ಅವನ ಹೆಸರಿನ ಕೆಳಗೆ,
ದುಂಡಗೆ ಇನ್ನೊಂದು: ಅಲ್ದೀನಾ ವನ್ನೂಚಿ, ಇಪ್ಪತ್ತೇಳು, ಮಾರ್ಚ್.
ಯಾರ ಶವಯಾತ್ರೆಗೆ ನುಡಿಸಿದಳೆಂದು ಬರೆದಿಲ್ಲ.
ಅಪ್ಪನ ಉಸಿರನ್ನೆಲ್ಲ ರಬ್ಬರಿನಿಂದ ಒರೆಸಿದ್ದಾಳೆ,
ಅವಳ ಎಳೆಯ ಎದೆಗೆ ಎಂಟು ಆವರ್ತಕ್ಕೊಂದು ಸಾಕಾಗಿತ್ತೇನೋ.
ಒಂದನ್ನು ಮಾತ್ರ ಬಿಟ್ಟಿದ್ದಾಳೆ,
ದೀರ್ಘ ಸ್ವರವೊಂದರ ನಟ್ಟನಡುವೆ,
ಯಾವ ಮೇಷ್ಟರೂ ಉಸಿರೆಳೆಯಲು ಬಿಡದ ಜಾಗದಲ್ಲಿ.

ಒರೆಸಿದ್ದು ಹೋಗಿಲ್ಲ. ಹಾಳೆ ಓರೆಮಾಡಿ ದೀಪಕ್ಕೆ ಹಿಡಿದರೆ
ಒತ್ತಿ ಬರೆದ ಕಡೆಯೆಲ್ಲ ಸಣ್ಣ ಸಣ್ಣ ಕುಳಿ.
ಕಲ್ಲು ಕಡೆದ ಕೈ, ಪೆನ್ಸಿಲನ್ನೂ ಉಳಿಯಂತೆ ಹಿಡಿದಿರಬೇಕು.
ಬೆರಳಿಟ್ಟು ಓದತೊಡಗಿದೆ. ಸಂಗೀತ ನನಗೆ ಬರುವುದಿಲ್ಲ;
ಎಲ್ಲಿ ನಿಲ್ಲಬೇಕೆಂಬುದು ಮಾತ್ರ ತಿಳಿಯುತ್ತಿತ್ತು.

ಐದು ಗಂಟೆ, ಎಂದಳು ಕೊರಿನ್, ದೀಪ ಆರಿಸಬೇಕು.
ತಾಳು, ಎಂದೆ,
ಇನ್ನೂ ಒಂದು ಸಾಲು ಇದೆ