ನಲವತ್ತೊಂದು ಗೀಟು

ಫೆಬ್ರವರಿಯಲ್ಲಿ ಜಾಂಬೆಜಿ ಬಯಲಿಗೆ ಬರುತ್ತದೆ.
ಹುಲ್ಲಿದ್ದಲ್ಲಿ ನೀರು, ದಾರಿಯಿದ್ದಲ್ಲಿ ದೋಣಿ.
ಮೊಂಗುವಿನ ಮರಳು ದಿಬ್ಬದ ಮೇಲೆ ನಮ್ಮ ಶಾಲೆ.
ಆರನೆಯ ತರಗತಿ, ಐವತ್ತೆಂಟು ಮಕ್ಕಳು,
ಹದಿನೆಂಟು ವರ್ಷದಿಂದ ನಾನು.

ಆ ಬುಧವಾರ ಹಿಂದಿನ ಗೋಡೆಗೆ ಒರಗಿ
ನಾಲ್ವರು ಸಹೋದ್ಯೋಗಿಗಳು ನಿಂತರು, ಕೈಯಲ್ಲಿ ಹಾಳೆ.
ಕರಾರು ಮೊದಲೇ ಆಗಿತ್ತು:
ನೋಡುವವರು ಬಾಯಿ ತೆರೆಯಕೂಡದು,
ಮಕ್ಕಳಿಗೆ ಉತ್ತರ ಉಸುರಕೂಡದು,
ನೋಡುವುದು ಪಾಠವನ್ನು, ಪಾಠ ಮಾಡುವವಳನ್ನಲ್ಲ.
ಆದರೂ ಕುಂಬಳಕಾಯಿ ಕಳ್ಳನ ಹಾಗೆ
ಹೆಗಲು ಮುಟ್ಟಿ ನೋಡಿಕೊಂಡೆ.
ಸೀಮೆಸುಣ್ಣದ ಪುಡಿಯಿತ್ತು, ಅಷ್ಟೆ.

ಮೂರರಲ್ಲಿ ಎರಡು ದೊಡ್ಡದೋ, ಐದರಲ್ಲಿ ಮೂರೋ?
ಕೇಳಿದೆ. ಕೈಗಳೆದ್ದವು. ಕಿಟಕಿ ಪಕ್ಕದ ಲಿಕಾಂಡೊ ಹೇಳಿದ.
ಬರೆದೆ. ಒರೆಸಿದೆ. ಅರ್ಥವಾಯಿತೇ ಎಂದೆ.
ಹೂಂ ಟೀಚರ್, ಎಂದಿತು ಇಡೀ ಕೋಣೆ
ಒಂದೇ ಗಂಟಲಲ್ಲಿ.

ಮಧ್ಯಾಹ್ನ ಗೇರುಮರದ ಕೆಳಗೆ ಹಾಳೆ ಬಿಚ್ಚಿದೆವು.
ಸಿತಾಲಿ ಕೂತವರ ನಕ್ಷೆ ಬರೆದಿದ್ದಳು,
ನಾನು ಯಾರನ್ನು ಕೇಳಿದೆನೋ ಅವರತ್ತ ಒಂದೊಂದು ಬಾಣ.
ಕಿಟಕಿಯ ಸಾಲು ಮುಳ್ಳುಹಂದಿಯಾಗಿತ್ತು.
ಬಾಗಿಲ ಹಿಂದಿನ ಮೂಲೆ ಬೆಳ್ಳಗೆ,
ನೆರೆ ಬಂದ ಬಯಲಿನ ಹಾಗೆ.
ನಮೂಚಾನಾ ಮೊಬೈಲು ಹಿಡಿದು ಕೂತಿದ್ದಳು:
ಪ್ರಶ್ನೆ ಕೇಳಿ ನೀನು ಕಾಯುವುದು
ಒಂದು ಸೆಕೆಂಡಿಗೂ ಕಡಿಮೆ.
ಸುಳ್ಳು ಎಂದೆ. ರೆಕಾರ್ಡಿಂಗ್ ಹಾಕಿದಳು.
ನನ್ನ ಪ್ರಶ್ನೆಯ ಬಾಲವನ್ನು
ನನ್ನದೇ ದನಿ ತುಳಿಯುತ್ತಿತ್ತು.
ತನ್ನ ಬೆನ್ನು ತನಗೆ ಕಾಣದು ಅನ್ನುತ್ತಾರೆ.
ದನಿಗೂ ಬೆನ್ನಿರುತ್ತದೆಂದು ಗೊತ್ತಿರಲಿಲ್ಲ.

ಅಂದು ಊಟ ಸೇರಲಿಲ್ಲ.
ಸಂಜೆ ಒಬ್ಬಳೇ ಹೋಗಿ ಆ ಬಿಳಿ ಮೂಲೆಯಲ್ಲಿ ಕೂತೆ.
ಮೊಣಕಾಲು ಮೇಜಿಗೆ ತಾಗಿತು.
ಅಲ್ಲಿಂದ ಕರಿಹಲಗೆ ಕಾಣುವುದು ಅರ್ಧ,
ಉಳಿದರ್ಧ ಬಾಗಿಲ ಬೆಳಕಿನ ಹೊಳಪು.
ಹದಿನೆಂಟು ವರ್ಷ!
ಮೇಜಿನ ಮೇಲೆ ಪೆನ್ಸಿಲಿನ ಗೀಟು:
ನಾಲ್ಕು ನಿಂತವು, ಐದನೆಯದು ಅಡ್ಡ,
ಹಾಗೆ ಎಂಟು ಕಟ್ಟು, ಕೊನೆಗೊಂದು ಒಂಟಿ.

ಮರುದಿನ ಕೇಳಿದೆ, ಯಾರದಿದು ಕಿತಾಪತಿ?
ಮ್ವಾಂಗಾಲಾ ಎದ್ದು ನಿಂತಳು.
ಮುಂಜಾನೆ ಚಿಕ್ಕಪ್ಪನ ದೋಣಿಯಲ್ಲಿ ಬರುವವಳು,
ಲಂಗದ ಅಂಚು ಯಾವಾಗಲೂ ಒದ್ದೆ.
ನಿನ್ನೆ ಅವರೆಲ್ಲ ಎಣಿಸುತ್ತಿದ್ದರಲ್ಲ ಟೀಚರ್,
ನಾನೂ ಎಣಿಸಿದೆ.
ಏನನ್ನು?
ನೀವು ಅರ್ಥವಾಯಿತೇ ಅಂದದ್ದನ್ನು.
ನಲವತ್ತೊಂದು ಸಲ.
ಇಲ್ಲ ಅಂದವರನ್ನೂ ಎಣಿಸೋಣವೆಂದು
ಈಚೆ ಬದಿಗೆ ಜಾಗ ಬಿಟ್ಟಿದ್ದೆ.
ಜಾಗ ಹಾಗೇ ಇದೆ.

ನಗು ಬಂತು, ಅದರ ಬೆನ್ನಿಗೇ ಇನ್ನೇನೋ.
ಒರೆಸಬೇಡ ಎಂದೆ.

ಸ್ಟಾಫ್ ರೂಮಿಗೆ ಈ ಸುದ್ದಿ ನಾನೇ ಒಯ್ದೆ.
ಯಾರೂ ಆಡಿಕೊಳ್ಳಲಿಲ್ಲ.
ಮುಂದಿನ ವಾರ ನನ್ನ ಪಾಠಕ್ಕೆ ಬನ್ನಿ, ಎಂದಳು ಸಿತಾಲಿ,
ಚಿಲಕ ಹಾಕಿಕೊಂಡೇ ಕಲಿಸುತ್ತಿದ್ದವಳು.
ಹೆಡ್ಮಾಸ್ಟರು ಮಾತ್ರ ಕೆಮ್ಮಿದರು:
ಇದೆಲ್ಲ ಮೇಲಿನವರಿಗೆ ತಿಳಿದರೆ?
ತಿಂಗಳು ಕಳೆದ ಮೇಲೆ ಒಂದು ದಿನ ತಮ್ಮ ಬೆಳಗಿನ ಭಾಷಣ
ತಾವೇ ರೆಕಾರ್ಡು ಮಾಡಿ ತಂದರು.
ಹನ್ನೊಂದು ನಿಮಿಷ. ಮೂವರು ಮಕ್ಕಳ ಹೆಸರು.
ಮೂರೂ ಶಿಕ್ಷೆಗೆ.
ಕನ್ನಡಕ ಒರೆಸಿದರು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

ಎಲ್ಲ ಸರಿಹೋಯಿತೆಂದು ಬರೆಯಲಾರೆ.
ಐವತ್ತೆಂಟು ಮಕ್ಕಳಿಗೆ ಪುಸ್ತಕ ಇಪ್ಪತ್ತೇ.
ಲೆಕ್ಕದ ಪರೀಕ್ಷೆಯಲ್ಲಿ ಈ ಸಲವೂ ಹತ್ತೊಂಬತ್ತು ಜನ ಕೆಳಗೆ.
ಕರಿಹಲಗೆ ಇಳಿಸಿ ಎದುರು ಗೋಡೆಗೆ ಹೊಡೆದೆವು,
ಆ ಮೊಳೆಗೆ ಎರಡು ವಾರದ ಜಗಳ.

ಇವತ್ತು ಮತ್ತೆ ಹಾಳೆ ಹಿಡಿದು ನಿಂತಿದ್ದಾರೆ.
ನಾಲ್ಕು ಮೀನು, ಆರು ಜನ,
ಒಬ್ಬರ ಪಾಲು ಎಷ್ಟು? ಕೇಳಿ ಸುಮ್ಮನಾದೆ.
ಎರಡು, ಮೂರು,
ನಾಲಗೆಯನ್ನು ಹಲ್ಲಿನಡಿ ಒತ್ತಿ ಹಿಡಿದೆ.
ಐದು. ಹೊರಗೆ ಯಾರದೋ ಸೈಕಲ್ಲು ಮರಳಲ್ಲಿ ಹೂತಿತು.
ಏಳು. ಲಿಕಾಂಡೊ ಎತ್ತಿದ ಕೈ ಇಳಿಸಿ ಯೋಚಿಸಿದ.
ಒಂಬತ್ತಕ್ಕೆ, ಬಾಗಿಲ ಕಡೆಯಿಂದ,
ಈ ವರ್ಷವಿಡೀ ನಾನು ದನಿ ಕೇಳದ ಸಿಟುಂಬೆಕೊ:
ನನಗೆ ಅರ್ಥವಾಗಲಿಲ್ಲ.

ಕೋಣೆಯೆಲ್ಲ ಅವನತ್ತ ತಿರುಗಿತು.
ಮ್ವಾಂಗಾಲಾ ಪೆನ್ಸಿಲು ಹುಡುಕತೊಡಗಿದಳು.