ಕಿವಿ ಕಟ್ಟುವ ಎತ್ತರ

ಪೂಲಿ ಪಟ್ಟಣದಿಂದ ಬೆಳಗಿನ ಜಾವ ಮೂರೂವರೆಗೆ
ನನ್ನ ವ್ಯಾನು ಹೊರಡುತ್ತದೆ.
ಹನ್ನೊಂದು ಹೆಂಗಸರು, ಹನ್ನೊಂದು ಬುತ್ತಿ,
ತೋರುಬೆರಳಿಗೆ ಟೇಪು ಸುತ್ತಿ ಕಟ್ಟಿಕೊಳ್ಳಲು
ಅರ್ಧರ್ಧ ಮುರಿದ ಬ್ಲೇಡು.

ಎತ್ತರ ಅಳೆಯುವ ಯಂತ್ರ ನನ್ನಲ್ಲಿಲ್ಲ.
ವೂಶ ದಾಟಿದರೆ ಕಿವಿ ಕಟ್ಟುತ್ತದೆ,
ಸ್ಟೀರಿಂಗಿನ ಮುಂದಿಟ್ಟ ಚಿಪ್ಸ್ ಪೊಟ್ಟಣ
ಮದುವೆಯೂಟ ಮುಗಿಸಿದವನ ಹೊಟ್ಟೆಯಂತೆ ಉಬ್ಬುತ್ತದೆ.
ಹಿಂದಿನ ಸೀಟಿನಿಂದ ಗ್ಯೋಕ್-ಇಂಗ್ ಅಜ್ಜಿ:
‘ಬಂತು, ಸ್ವೆಟರ್ ಹಾಕ್ಕೊಳ್ರೇ.’

ಇಬ್ಬನಿ ಆರುವ ತನಕ ಎಲೆ ಮುಟ್ಟುವಂತಿಲ್ಲ.
ಕಾಯುತ್ತಾರೆ. ಇಲ್ಲಿ ಎಲ್ಲರೂ ಕಾಯುತ್ತಾರೆ.
ಕೆಳಗೆ ನನ್ನ ಮಾವನ ತೋಟದಲ್ಲಿರುವುದೂ ಇದೇ ತಳಿ,
ವರ್ಷಕ್ಕೆ ಆರು ಸಲ ಚಿಗುರುತ್ತದೆ,
ಬಿಸಿಲು ಕುಡಿದು ಕುಡಿದು ನಾಲಿಗೆ ಹಿಡಿಯುವ ಒಗರು.
ಮೇಲೆ ಎರಡೇ ಸಲ.
‘ಮಧ್ಯಾಹ್ನ ಮಂಜು ಬಂದು ಅಂಗಡಿ ಮುಚ್ಚಿಸುತ್ತೆ,
ರಾತ್ರಿ ಚಳಿ. ಎಲೆಗೆ ಕೋಪ ಮಾಡಿಕೊಳ್ಳೋಕೆ
ಪುರುಸೊತ್ತೆಲ್ಲಿ?’ ಅನ್ನುತ್ತಾನೆ ಲಿಯಾವ್ ಮೇಸ್ತ್ರಿ.
ಎಲೆ ಸುಮ್ಮನೆ ದಪ್ಪಗಾಗುತ್ತದೆ, ಅಷ್ಟೆ.

ಒಮ್ಮೆ ಗುಡ್ಡ ಕುಸಿದು ದಾರಿ ಕಟ್ಟಿತು,
ರಾತ್ರಿ ಅಲ್ಲೇ ಉಳಿದೆ.
ಬಿದಿರಿನ ಮೊರಗಳಲ್ಲಿ ಎಲೆ ಕೇರುವ ಸದ್ದು
ಯಾರೋ ಸೀರೆಯುಟ್ಟು ಓಡಾಡಿದಂತೆ ಎಂದು ಬರೆದೇನು,
ಆದರೆ ನಾನು ಸೀರೆ ನೋಡಿದ್ದು ಟೀವಿಯಲ್ಲಿ ಮಾತ್ರ.
ಒಣ ಜಲ್ಲಿಯ ಮೇಲೆ ನಿಧಾನ ಟೈರು ಉರುಳಿದಂತೆ;
ಇದು ನನಗೆ ಗೊತ್ತಿರುವ ಸದ್ದು.
ಹತ್ತು ಗಂಟೆಗೆ ಹಸಿ ಹುಲ್ಲಿನ ವಾಸನೆ.
ಎರಡಕ್ಕೆ ಎಚ್ಚರವಾದಾಗ
ಕತ್ತಲಲ್ಲಿ ಎಲ್ಲೋ ಹೂ ಬಿಟ್ಟಿತ್ತು.
ಹೂ ಇರಲಿಲ್ಲ. ಮೊರವಿತ್ತು,
ಮೂಗು ಇಳಿಸಿ ನಿಂತ ಲಿಯಾವ್ ಇದ್ದ.

ಚಹಾಕ್ಕೆ ನೀರಿಟ್ಟ. ಕ್ಷಣದಲ್ಲಿ ಕುದಿಯಿತು.
‘ಮೋಸ,’ ಎಂದು ನಕ್ಕ,
‘ತೊಂಬತ್ತಮೂರಕ್ಕೇ ಗುಳುಗುಳು ಅನ್ನುತ್ತೆ.
ಈ ಬೆಟ್ಟದಲ್ಲಿ ಆತುರ ಇರೋದು ನೀರಿಗೊಂದೇ.’
ಡಬ್ಬಿ ಕಾಫಿಯ ನನ್ನ ನಾಲಿಗೆಗೆ ಏನು ತಿಳಿದೀತು?
ಮೊದಲು ಏನೂ ಇಲ್ಲವೆನಿಸಿತು.
ನುಂಗಿದ ಮೇಲೆ, ತೀರಾ ಮೇಲೆ,
ಗಂಟಲಿನ ತಿರುವಿನಲ್ಲಿ ಒಂದು ಸಿಹಿ
ಹಾರ್ನ್ ಹಾಕದೆ ಎದುರಾಯಿತು.

ಮಾವನಿಗೆ ಇದನ್ನು ಹೇಳಿಲ್ಲ.

ವಿಯೆಟ್ನಾಮಿನಿಂದ ಸೊಸೆಯಾಗಿ ಬಂದ ಥ್ವಾ
ದಿನಾ ಸಂಜೆ ನೀರು ಕುಡಿದು ಖಾಲಿ ಬಾಟಲಿಗೆ
ಅಲ್ಲೇ, ಮಂಜಿನಲ್ಲೇ, ಬಿಗಿಯಾಗಿ ಮುಚ್ಚಳ ಹಾಕುತ್ತಾಳೆ.
ಇಳಿಯುತ್ತ ಇಳಿಯುತ್ತ ಅದು
ಅವಳ ಮಡಿಲಲ್ಲಿ ಚಟ್ ಚಟ್ ಎಂದು ನೆಗ್ಗುತ್ತದೆ.
ಪೂಲಿಯ ದೀಪದ ಕಂಬದ ಕೆಳಗೆ ಕಾದ ಮಗಳು
ಸೊಟ್ಟ ಬಾಟಲಿ ಕಸಿದುಕೊಂಡು ಕಿವಿಗೆ ಹಿಡಿದು
ಮುಚ್ಚಳ ತಿರುಗಿಸುತ್ತಾಳೆ.
ಸುಯ್ ಎನ್ನುತ್ತದೆ.
ಆಮೇಲೆ ಇಬ್ಬರೂ ನೂಡಲ್ಸ್ ಅಂಗಡಿಗೆ ಹೋಗುತ್ತಾರೆ.