ಸ್ಯಾಂಪಲ್ ಫ್ಲ್ಯಾಟಿನ ಮಂಚ

ಚಪ್ಪಲಿ ಹೊರಗೆ ಬಿಡಿ ಅಂದ ಹಿತೇನ್‌ಭಾಯಿ.
ಬಿಟ್ಟೆ. ದೇವಸ್ಥಾನವೇ ಇರಬೇಕು
ಕಾಂಜೂರಿನ ಈ ಗಾಜಿನ ಮಂಟಪ.
ಎಂಬತ್ತೊಂಬತ್ತು ಲಕ್ಷದ ಗರ್ಭಗುಡಿ,
ಪಾರ್ಕಿಂಗು ಬೇರೆ.

ಒಂದು ಕೋಣೆ, ಒಂದು ಹಾಲ್, ಅಡುಗೆಗೊಂದು ಗೂಡು.
ಮುನ್ನೂರ ಎಪ್ಪತ್ತೆಂಟು ಚದರಡಿ ಅನ್ನುತ್ತೆ ಕಾಗದ.
ಚೀಲದಲ್ಲಿ ದರ್ಜಿಯ ಟೇಪು ತಂದಿದ್ದೆ,
ತೆಗೆಯಲು ನಾಚಿಕೆ.
ಪರದೆಯ ಹಿಂದೆ ಕದ್ದು ಗೇಣು ಹಾಕಿದೆ.

ಬಾಗಿಲುಗಳೇ ಇಲ್ಲ ಅನ್ನುವುದು ಆಮೇಲೆ ಹೊಳೆಯಿತು.
ಬಚ್ಚಲಿಗೂ ಇಲ್ಲ. ಬಾಗಿಲಿದ್ದರೆ
ಅದು ತೆರೆಯಲು ಜಾಗ ಬೇಕಲ್ಲ.
ಫ್ರಿಜ್ಜು ರಟ್ಟಿನದು. ಕಪಾಟಿನ ಪುಸ್ತಕಗಳು ಬರೀ ಬೆನ್ನು.
ಹಿತೇನ್‌ಭಾಯಿ ಫೋನು ಹಿಡಿದು ಆಚೆ ಹೋದಾಗ
ಮಂಚದ ಮೇಲೆ ಮಲಗೇಬಿಟ್ಟೆ.
ಪಾದಗಳೆರಡೂ ಹೊರಗೆ!
ನಾನೇನು ಎತ್ತರದವಳಲ್ಲ, ಐದಡಿ ಎರಡಂಗುಲ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದವರು
ಹಾಸಿಗೆಯನ್ನೇ ಮೋಟು ಮಾಡಿಸಿ
ಮನೆ ಮಾರುವವರನ್ನು ಕಂಡಿರಲಿಲ್ಲ.

ದಾದರಿನ ಖೋರ್ಷೇದ್‌ಬಾಯಿಯ ಮನೆಯಲ್ಲಿ
ಹತ್ತೊಂಬತ್ತು ವರ್ಷದಿಂದ ನನಗೊಂದು ಮಂಚ, ಅರ್ಧ ಬೀರು.
ಉಳಿದರ್ಧಕ್ಕೆ ಯಾರು ಯಾರೋ ಬಂದರು, ಹೋದರು.
ಅವರ ನುಸಿಗುಳಿಗೆ ವಾಸನೆ ನನ್ನ ಸೀರೆಗಳಿಗೂ.
ಹತ್ತಕ್ಕೆ ದೀಪ ಆರಬೇಕು. ಒಗ್ಗರಣೆ ಕೂಡದು.
ಇಂಗಿನ ಡಬ್ಬಿಯನ್ನು ಆಫೀಸಿನ ಡ್ರಾಯರಿನಲ್ಲಿಟ್ಟಿದ್ದೇನೆ,
ಆಗೊಮ್ಮೆ ಈಗೊಮ್ಮೆ ಮುಚ್ಚಳ ತೆಗೆದು ಮೂಸಲು.
ಬಾಯಿಗೆ ಎಂಬತ್ತಾರು.
ಅವಳ ನಂತರ ಏನು ಅನ್ನುವ ಮಾತನ್ನು ನಾವಿಬ್ಬರೂ
ಊಟದ ಮೇಜಿನಲ್ಲಿ ಉಪ್ಪಿನ ಕುಪ್ಪಿಯಂತೆ
ಅತ್ತ ಇತ್ತ ಸರಿಸುತ್ತೇವೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು.
ಎರಡೂ ನೋಡದೆ ನಲವತ್ತೇಳಾಯಿತು.
ಮಸ್ಜಿದ್ ಬಂದರಿನ ಪೇಢಿಯಲ್ಲಿ
ಬಾದಾಮಿ, ಅಂಜೂರ, ಜರ್ದಾಳು,
ಕಂಡವರ ತೂಕ ಬರೆಯುವುದು ನನ್ನ ಕೆಲಸ.
ಬ್ಯಾಂಕಿನ ಹುಡುಗ ನನ್ನನ್ನೇ ತೂಗಿದ:
ಅರವತ್ತಕ್ಕೆ ಹದಿಮೂರು ವರ್ಷ,
ತಿಂಗಳಿಗೆ ಐವತ್ತೆರಡು ಸಾವಿರ.
ಮುಂಗಡದ ನಲವತ್ತೊಂದು ಲಕ್ಷ ಇದೆ,
ಎಷ್ಟು ಮಧ್ಯಾಹ್ನ ಬರೀ ಬಾಳೆಹಣ್ಣು ತಿಂದೆ
ಅನ್ನುವುದಕ್ಕೆ ಲೆಕ್ಕವಿಲ್ಲ.
"ಇನ್ನೊಂದು ಹೆಸರಿದ್ದರೆ ಅರ್ಜಿ ಗಟ್ಟಿಯಾಗುತ್ತೆ, ಮ್ಯಾಡಂ.
ಗಂಡ? ಅಣ್ಣ?"
ಖಾಲಿ ಗೆರೆಯ ಮೇಲೆ ಪೆನ್ನು ಊರಿ ಕಾದ.
ಒಂದು ಚುಕ್ಕೆ ಮೂಡಿತು, ಅಷ್ಟೇ.

ಹಳದಿ ಹೆಲ್ಮೆಟ್ಟು ತೊಡಿಸಿ ಇಪ್ಪತ್ತಮೂರನೆಯ ಮಹಡಿಗೆ ಒಯ್ದರು.
ಚೌಕಟ್ಟಿಲ್ಲದ ಕಿಟಕಿ. ಕೆಳಗೆ ಉಪ್ಪಿನ ಪಾತಿ,
ಕಾಂಡ್ಲಾ ಗಿಡ, ಆಚೆಗೆ ಖಾಡಿಯ ಕೆಸರು ಬೆಳಕು.
ಎರಡನೆಯ ಟವರು ಎಲ್ಲಿ ಬರುತ್ತೆ ಅಂತ ಕೇಳಿದೆ.
ಹಿತೇನ್‌ಭಾಯಿ ಲಿಫ್ಟುಗಳ ಜಪಾನಿ ಕಂಪನಿಯ ಬಗ್ಗೆ ಹೇಳತೊಡಗಿದ.
ಅಯ್ಯೋ ಶಿವನೇ, ಅಂದೆ, ನನ್ನಷ್ಟಕ್ಕೆ.

ಪುಟ್ಟಿ ಬಳಿಯುತ್ತಿದ್ದವಳು ತಿರುಗಿದಳು.
"ನಮ್ಮ ಕಡಿಯಾಕೀನ ಹೌದಿಲ್ಲೊ?"
ಸಿಂದಗಿ ಹತ್ತಿರದ ನೀಲವ್ವ.
ದನಿ ತಗ್ಗಿಸದೆ, ಯಾರಿಗೆ ತಿಳಿಯುತ್ತೆ ಅಂತ, ಹೇಳಿದಳು:
"ಈ ಮನಿ ಬ್ಯಾಡ ಯಕ್ಕಾ. ಮ್ಯಾಲಿನ ಬಚ್ಚಲ ನೀರ ಜಿನಗತೈತಿ.
ಮೂರ ಸಲ ಬಳದೀವಿ, ಮೂರ ಸಲ ಬೆವತೈತಿ ಗ್ವಾಡಿ.
ಆ ಕಡೀ ನಾಕನೇದ್ದು ಛಲೋ. ಅದರಾಗ ಗಾಳಿ ಐತಿ.
ಮಧ್ಯಾಹ್ನ ನಾವು ಅಲ್ಲೇ ಮಲಗತೀವಿ."

ಹೋಗಿ ನೋಡಿದೆ.
ಬರಿ ಸಿಮೆಂಟು, ಗೋಡೆಗೆ ಒರಗಿದ ಮೂರು ಬುತ್ತಿ ಡಬ್ಬಿ,
ಮಡಚಿಟ್ಟ ಚೀಲಗಳು, ಒಂದು ಕೂಸಿನ ಕುಲಾವಿ.
ಇದು ನಾಲ್ಕು ಲಕ್ಷ ಜಾಸ್ತಿ, ಅಂತ ಬಾಗಿಲಲ್ಲಿ,
ಅಂದರೆ ಬಾಗಿಲು ಬರಬೇಕಾದ ಕಡೆ, ಹಿತೇನ್‌ಭಾಯಿ.
ನೀಲವ್ವ ಒಂದು ಚೀಲ ಕೊಡವಿ ಹಾಸಿದಳು, ನಗುತ್ತಾ.
ಮಲಗಿ ನೋಡು.

ರಾತ್ರಿ ಖೋರ್ಷೇದ್‌ಬಾಯಿ ಬೆನ್ನು ಕೊಡವಿದಳು:
ಇಷ್ಟೊಂದು ಧೂಳು! ಎಲ್ಲಿ ಬಿದ್ದೆ, ದೀಕ್ರಿ?
ಬೀಳಲಿಲ್ಲ, ಅಂದೆ.
ಹತ್ತು ಹೊಡೆಯಿತು. ದೀಪ ಆರಿತು.
ಚೆಕ್ಕು ಪುಸ್ತಕ ಬೀರುವಿನ ನನ್ನರ್ಧದಲ್ಲಿ,
ಮೇಲಿನ ಅರೆ, ಎಡಗಡೆ.
ಕತ್ತಲಲ್ಲೂ ಸಿಗುತ್ತೆ ಕೈಗೆ.
ನಾಲ್ಕು ಲಕ್ಷವನ್ನು ನೂರ ಐವತ್ತಾರು ತಿಂಗಳಿಗೆ ಭಾಗಿಸುತ್ತಾ
ಮಲಗಿದ್ದೇನೆ.
ಶೇಷ ಉಳಿಯುತ್ತಿದೆ, ಪ್ರತಿ ಸಲ.